ಹೆಸರಿಲ್ಲದ ಕಲ್ಲಿಗೆ ಯಾರು ಹೊಣೆ?

ಒಂದು ಸ್ಮಾರಕ ಯಾರದು? ಅದನ್ನು ಕಟ್ಟಿಸಿದವರದೋ, ಅದರ ಮೇಲಿನ ಲಿಪಿಯನ್ನು ಓದಬಲ್ಲವರದೋ, ಇಲ್ಲವೆ ದಿನವೂ ಅದರ ನೆರಳಿನಲ್ಲಿ ಕುರಿ ಕಾಯುವವರದೋ? 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗೆರೆಯ ಈಚೆ ಉಳಿದು, ಮನೆಯಲ್ಲಿ ಕನ್ನಡವನ್ನೂ ಕಚೇರಿಯಲ್ಲಿ ತೆಲುಗನ್ನೂ ಆಡುತ್ತ ಬಂದ ನಮಗೆ ಇದು ಪಂಡಿತರ ಚರ್ಚೆಗೆ ಬಿಟ್ಟುಬಿಡುವ ಪ್ರಶ್ನೆಯಲ್ಲ. ‘ನಮ್ಮದು’ ಎಂಬ ಮಾತಿನ ಬೆಲೆಯನ್ನೂ ಭಾರವನ್ನೂ ಗಡಿನಾಡಿನವರು ಬಲ್ಲರು.

ಗುಂಡುಮಾಲ್, ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ನಾವು ಸಭೆ ಸೇರಿದಾಗಲೆಲ್ಲ ಆಲಂಪುರವನ್ನು ನೆನೆಯುತ್ತೇವೆ. ತುಂಗಭದ್ರೆಯ ದಡದಲ್ಲಿ ಬಾದಾಮಿ ಚಾಲುಕ್ಯರ ಕಾಲದಲ್ಲಿ ಎದ್ದ ನವಬ್ರಹ್ಮ ದೇವಾಲಯಗಳನ್ನು ಕಂಡಾಗ ಕನ್ನಡಿಗರ ಎದೆ ಉಬ್ಬುವುದು ಸಹಜ. ಆದರೆ ಅಲ್ಲಿಯೇ ಇನ್ನೊಂದು ಗುಡಿಯಿದೆ. ಶ್ರೀಶೈಲ ಜಲಾಶಯದಲ್ಲಿ ಮುಳುಗಲಿದ್ದ ಕೂಡವೆಲ್ಲಿಯ ಸಂಗಮೇಶ್ವರನ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಆಲಂಪುರಕ್ಕೆ ತಂದು ಮತ್ತೆ ಜೋಡಿಸಲಾಯಿತು. ಗುಡಿ ಉಳಿಯಿತು, ಅದಕ್ಕೆ ಹೆಸರು ಕೊಟ್ಟ ಸಂಗಮ ಅದರ ಮುಂದಿನಿಂದ ಮರೆಯಾಯಿತು. ಅದೇ ನೀರಿಗೆ ಸಿಕ್ಕ ಊರುಗಳ ಮನೆಗಳನ್ನು ಹಾಗೆ ಬಿಚ್ಚಿ ಜೋಡಿಸಿದವರಿಲ್ಲ. ಕಲ್ಲನ್ನು ಉಳಿಸುವ ಶ್ರದ್ಧೆ ಮನುಷ್ಯನ ನೆಲೆಯನ್ನು ಮರೆಯಬಹುದೆ ಎಂಬ ಪ್ರಶ್ನೆಯನ್ನು ಆ ಗುಡಿ ಇಂದಿಗೂ ಕೇಳುತ್ತ ನಿಂತಿದೆ.

ಇನ್ನು ನಮ್ಮ ಜಿಲ್ಲೆಯೊಳಗೇ, ಕೃಷ್ಣಾ ನದಿಯ ಬಳಿಯ ಮುಡುಮಾಲಕ್ಕೆ ಬರೋಣ. ಅಲ್ಲಿ ಹತ್ತರಿಂದ ಹದಿನಾಲ್ಕು ಅಡಿ ಎತ್ತರದ ಸುಮಾರು 80 ಕಲ್ಲುಗಳು ನೆಟ್ಟಗೆ ನಿಂತಿವೆ. ಅವುಗಳ ಸುತ್ತ ಸಾಲುಸಾಲಾಗಿ ಸಾವಿರಾರು ಚಿಕ್ಕ ಬಂಡೆಗಳಿವೆ. ಇವು ಮೂರು ಸಾವಿರ ವರ್ಷಕ್ಕೂ ಹಿಂದಿನ ಬೃಹತ್ ಶಿಲಾಯುಗದವು. ಹೈದರಾಬಾದ್ ವಿಶ್ವವಿದ್ಯಾಲಯದ ಪ್ರೊ. ಕೆ. ಪಿ. ರಾವ್ ಅವರು ಇವುಗಳನ್ನು ಹಲವು ವರ್ಷ ಅಭ್ಯಾಸ ಮಾಡಿ, ಸೂರ್ಯನ ಉದಯಾಸ್ತಗಳಿಗೂ ಈ ಸಾಲುಗಳಿಗೂ ಸಂಬಂಧವಿದೆಯೆಂದು ತೋರಿಸಿದ್ದಾರೆ. ಒಂದು ಬಂಡೆಯ ಮೇಲಿನ ಕುಳಿಗಳಲ್ಲಿ ಸಪ್ತರ್ಷಿ ಮಂಡಲದ ಆಕಾರವನ್ನು ಗುರುತಿಸಲಾಗಿದೆ. 2025ರಲ್ಲಿ ಈ ತಾಣ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು.

ಈ ಕಲ್ಲುಗಳ ಮೇಲೆ ಕನ್ನಡವೂ ಇಲ್ಲ, ತೆಲುಗೂ ಇಲ್ಲ. ನೆಟ್ಟವರ ಹೆಸರಿಲ್ಲ, ದೊರೆಯ ಬಿರುದಿಲ್ಲ. ಆಲಂಪುರದ ಬಗೆಗೆ ಗಂಟೆಗಟ್ಟಲೆ ಮಾತನಾಡುವ ನಾವು ಮುಡುಮಾಲದ ಬಗೆಗೆ ಇಷ್ಟು ಕಾಲ ಏಕೆ ಮೌನವಾಗಿದ್ದೆವು? ನಮ್ಮ ಹೆಸರು ಕೆತ್ತಿದ ಕಲ್ಲನ್ನು ಮಾತ್ರ ಕಾಯುವುದಾದರೆ ಅದು ಸ್ಮಾರಕದ ಮೇಲಿನ ಪ್ರೀತಿಯಲ್ಲ, ನಮ್ಮ ಮೇಲಿನ ಪ್ರೀತಿ.

ಹಾಗಾದರೆ ಇವುಗಳನ್ನು ಕಾಯ್ದವರಾರು? ಅಲ್ಲಿನ ಒಂದು ಕಲ್ಲು ಎಲ್ಲಮ್ಮನಾಗಿ ಪೂಜೆಗೊಳ್ಳುತ್ತದೆ. ಅರಿಸಿನ ಕುಂಕುಮ ಹಚ್ಚಿದ ಕೈಗಳಿಗೆ ಪುರಾತತ್ತ್ವ ತಿಳಿದಿರಲಿಲ್ಲ. ಆದರೆ ಅಮ್ಮನನ್ನು ಕದಲಿಸಬಾರದೆಂಬುದು ತಿಳಿದಿತ್ತು. ಭಕ್ತಿ ಎಲ್ಲವನ್ನೂ ಉಳಿಸಿತೆಂದೂ ಹೇಳಲಾಗದು. ನೇಗಿಲಿಗೆ ಅಡ್ಡ ಬಂದ ಕಲ್ಲುಗಳು ಅಲ್ಲಿಯೂ ಹೊರಬಿದ್ದಿವೆ. ಇದಕ್ಕಾಗಿ ರೈತನನ್ನು ದೂರುವ ಮುನ್ನ ನಮ್ಮ ನಮ್ಮ ಊರಿನ ಬದುಗಳನ್ನೂ ಮನೆಯ ಬುನಾದಿಗಳನ್ನೂ ನೋಡಿಕೊಳ್ಳೋಣ: ಹಳೆಯ ಕಲ್ಲೊಂದನ್ನು ಎಂದೂ ಎತ್ತಿ ತಂದಿಲ್ಲವೆಂದು ನಮ್ಮಲ್ಲಿ ಎಷ್ಟು ಮನೆತನಗಳು ಆಣೆ ಮಾಡಬಲ್ಲವು? ಎರಡೆಕರೆಯಲ್ಲಿ ಹೊಟ್ಟೆ ಹೊರೆಯುವವನಿಗೆ ಹೊಲದ ನಡುವಿನ ಕಲ್ಲು ಇತಿಹಾಸವಲ್ಲ, ಎರಡು ಸೇರು ಜೋಳದ ನಷ್ಟ. ಆ ನಷ್ಟವನ್ನು ಅವನೊಬ್ಬನೇ ಹೊರಲಿ, ಹೆಮ್ಮೆಯನ್ನು ಮಾತ್ರ ನಾವೆಲ್ಲ ಹಂಚಿಕೊಳ್ಳೋಣ ಎಂಬುದು ನ್ಯಾಯವಲ್ಲ.

ಆದುದರಿಂದ ಸ್ಮಾರಕ ಯಾರದು ಎಂಬ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕೆಂದು ನಮಗೆ ತೋರುತ್ತದೆ: ಅದಕ್ಕಾಗಿ ಯಾರು ಏನನ್ನು ಬಿಟ್ಟುಕೊಡಲು ಸಿದ್ಧರು? ಬೇಲಿ ಬೇಕು, ಆದರೆ ಎಲ್ಲಮ್ಮನಿಗೆ ಎಣ್ಣೆ ತರುವ ಮುದುಕಿಗೆ ಬೇಲಿಯಲ್ಲಿ ದಾರಿಯಿರಬೇಕು. ನೆಲ ಬೇಕು, ಆದರೆ ನೆಲ ಬಿಡುವವನಿಗೆ ತಕ್ಕ ಪರಿಹಾರ ಸಿಗುವಂತೆ ಅವನ ಜೊತೆ ನಿಂತು ಕೇಳುವವರಿರಬೇಕು. ಸಂಘವೆಂದರೆ ಆ ಜೊತೆಯೇ ಅಲ್ಲವೆ?

ಬರುವ ವಿಷುವ ದಿನದ ಬೆಳಗ್ಗೆ ಮಕ್ಕಳನ್ನು ಕರೆದುಕೊಂಡು ಮುಡುಮಾಲಕ್ಕೆ ಹೋಗೋಣ. ಆ ಕಲ್ಲುಗಳ ನಡುವೆ ಸೂರ್ಯ ಮೂಡುವಾಗ ಅವರು ‘ಇದನ್ನು ಯಾರು ನೆಟ್ಟರು?’ ಎಂದು ಕೇಳುತ್ತಾರೆ. ಹೆಸರು ಹೇಳಲು ನಮಗೆ ಬಾರದು. ‘ನಮಗಿಂತ ಮೊದಲು ಇಲ್ಲಿ ಬಾಳಿದವರು, ಇನ್ನು ಕಾಯುವ ಸರದಿ ನಮ್ಮದು’ ಎಂದು ಹೇಳಬಲ್ಲೆವಾದರೆ ಸಾಕು.