ಯಜಮಾನರಿಗೂ ಒಂದು ವಚನ

ಅಪೊಸ್ತಲನಾದ ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯದಲ್ಲಿ 5ನೆಯ ವಚನದಿಂದ 9ನೆಯ ವಚನದ ವರೆಗೆ ಓದಿಕೊಳ್ಳಿರಿ. ಅಲ್ಲಿ ದಾಸರಿಗೆ ನಾಲ್ಕು ವಚನಗಳೂ ಯಜಮಾನರಿಗೆ ಒಂದು ವಚನವೂ ಉಂಟು. ನಾವು ಆ ನಾಲ್ಕನ್ನು ಬಾಯಿಪಾಠ ಮಾಡಿ ಆ ಒಂದನ್ನು ಮರೆತಿದ್ದೇವೆ.

ನಮ್ಮ ಹಿರಿಯರು ಆಳಾಗಿದ್ದ ಕಾಲದಲ್ಲಿ ಅವರ ಮೇಲಿದ್ದ ನೇಮಗಳು ಅನೇಕ. ದಣಿಯು ಎದುರಾದರೆ ಮೆಟ್ಟನ್ನು ಕಳಚಿ, ಹೆಗಲ ವಸ್ತ್ರವನ್ನು ಕಂಕುಳಿಗೆ ಇಳಿಸಿ, ಜಗಲಿಯ ಕೆಳಗೆ ನಿಲ್ಲಬೇಕಾಗಿತ್ತು. ನೀರನ್ನು ಬೊಗಸೆಯಲ್ಲಿ ಕುಡಿಯಬೇಕಾಗಿತ್ತು. ಸಾಲಕ್ಕಾಗಿ ಜೀತಕ್ಕಿದ್ದವನು ಆ ಮನೆಯನ್ನು ಬಿಟ್ಟುಹೋಗುವ ಹಾಗೂ ಇರಲಿಲ್ಲ. ದಣಿಗೆ ಮಾತ್ರ ಯಾವ ನೇಮವೂ ಇರಲಿಲ್ಲ. 1976ರ ಜೀತಪದ್ಧತಿ ರದ್ದಿಯಾತಿ ಕಾಯಿದೆಯು ಜೀತದ ಸಾಲವನ್ನೆಲ್ಲಾ ಅಳಿಸಿ, ಜೀತಕ್ಕೆ ದುಡಿಸುವವನಿಗೆ 3 ವರುಷಗಳ ವರೆಗೆ ಸೆರೆಯನ್ನೂ 2,000 ರೂಪಾಯಿಗಳ ವರೆಗೆ ದಂಡವನ್ನೂ ಗೊತ್ತುಮಾಡಿತು. ಆದರೂ ಹೃದಯದ ಹಳೆಯ ರೂಢಿ ಅಷ್ಟು ಬೇಗ ಅಳಿಯದು.

ಇದಕ್ಕೆ ನಾವೇ ಸಾಕ್ಷಿ. ಕೆಂಗೇರಿಯ ಕಡೆಯ ನಮ್ಮ ಸಹೋದರಿಯೊಬ್ಬಳು ವಿಜಯನಗರದ ಒಂದು ವಿಶ್ವಾಸಿ ಕುಟುಂಬದಲ್ಲಿ ಪಾತ್ರೆ ಬೆಳಗುತ್ತಾಳೆ. ಆ ಮನೆಗೆ ನಾವು ಪ್ರಾರ್ಥನೆಗೆ ಹೋದಾಗ ನಮಗೆ ಕುರ್ಚಿಯೂ ಕಾಫಿಯೂ ದೊರೆತವು; ಆಕೆಗೆ ಹಿತ್ತಲ ಬಾಗಿಲಲ್ಲಿ, ಬೇರೆ ಇಟ್ಟಿದ್ದ ಲೋಟದಲ್ಲಿ ಕಾಫಿ ಕೊಟ್ಟರು. ಹಿಂದಿನ ಭಾನುವಾರ ಇವರಿಬ್ಬರೂ ಕರ್ತನ ಮೇಜಿನಲ್ಲಿ ಒಂದೇ ಪಾತ್ರೆಯಿಂದ ಪಾನಮಾಡಿದ್ದರು. ಅಯ್ಯನವರ ಪಕ್ಕದಲ್ಲಿ ನಾವೇ ನಿಂತು ಅದನ್ನು ಕಂಡಿದ್ದೆವು. ಆದರೂ ನಾವು ಬಾಯಿ ತೆರೆಯಲಿಲ್ಲ. ಕಾಫಿ ಕುಡಿದು, ಪ್ರಾರ್ಥಿಸಿ, ಹೊರಟುಬಂದೆವು. ಆ ಮೌನವು ನಮ್ಮ ಪಾಪವೆಂದು ಅರಿಕೆಮಾಡುತ್ತೇವೆ.

ಅಲ್ಲಿಗೆ ಸಮೀಪವಾದ ಒಂದು ಬಡಾವಣೆಯು ಬಸವೇಶ್ವರರ ಹೆಸರನ್ನು ಹೊತ್ತಿದೆ. ಸಮಗಾರ ಹರಳಯ್ಯನು ಒಂದು ಸಾರಿ ಶರಣೆನ್ನಲು, ಬಸವಣ್ಣನವರು ಎರಡು ಸಾರಿ ಶರಣೆಂದು ಕೈಮುಗಿದರೆಂದು ನಾಡಿನ ಜನರು ಹೇಳುತ್ತಾರೆ. ಅದನ್ನು ಕೇಳಿ ನಾವು ನಾಚಿಕೆಪಡಬೇಕಲ್ಲವೇ? ಪೌಲನಾದರೋ ಓಡಿಹೋಗಿದ್ದ ಒನೇಸಿಮನನ್ನು ಫಿಲೆಮೋನನ ಬಳಿಗೆ ಪ್ರಿಯ ಸಹೋದರನನ್ನಾಗಿ ಕಳುಹಿಸಿ, ಅವನ ಸಾಲವೇನಾದರೂ ಇದ್ದರೆ ತಾನೇ ತೀರಿಸುವೆನೆಂದು ಸ್ವಹಸ್ತದಿಂದ ಬರೆದುಕೊಟ್ಟನು.

ಆದಕಾರಣ ಕೆಲಸಕ್ಕೆ ಜನವಿಟ್ಟುಕೊಂಡವರು ಮೊದಲು ತಮ್ಮ ಮೇಲೆ ನೇಮ ಹಾಕಿಕೊಳ್ಳಲಿ. ಬೆದರಿಸಬೇಡಿರಿ. ಮರ್ಯಾದೆಯಿಂದ ಕರೆಯಿರಿ. ಮನೆಯವರ ಲೋಟದಲ್ಲೇ ಕೊಡಿರಿ. 2004ರಲ್ಲಿ ಕರ್ನಾಟಕ ಸರಕಾರವು ಮನೆಗೆಲಸಕ್ಕೂ ಕನಿಷ್ಠ ವೇತನವನ್ನು ಗೊತ್ತುಮಾಡಿತು. ಸರಕಾರ ಗೊತ್ತುಮಾಡಿದ್ದಕ್ಕಿಂತ ಕಡಿಮೆ ಕೊಡಬೇಡಿರಿ. ಮುಂಗಡ ಕೊಟ್ಟು ಯಾರನ್ನೂ ಕಟ್ಟಿಹಾಕಬೇಡಿರಿ. ಕೆಲಸ ಮಾಡುವವರೇ, ಕಣ್ಣೆದುರಿನಲ್ಲಿಯೂ ಕಣ್ಮರೆಯಲ್ಲಿಯೂ ಒಂದೇ ರೀತಿಯಾಗಿ ದುಡಿಯಿರಿ. ಆದರೆ ಅವಮಾನವನ್ನು ನುಂಗುವದೇ ವಿಧೇಯತೆಯೆಂದು ಎಣಿಸಬೇಡಿರಿ; ದೇವರು ಅದನ್ನು ನಿಮ್ಮಿಂದ ಕೇಳಿಲ್ಲ.

ಶಿಷ್ಯರ ಪಾದಗಳನ್ನು ತೊಳೆದ ಆ ರಾತ್ರಿ ಬಗ್ಗಿದವನು ಯಜಮಾನನೇ. ಮುಂದಿನ ವಾರ ನಾವು ಆ ಮನೆಗೆ ತಿರಿಗಿ ಹೋಗುವೆವು. ಈ ಸಾರಿ ನಮ್ಮ ಬಾಯಿ ತೆರೆಯುವಂತೆ ನಮಗೋಸ್ಕರ ಬೇಡಿಕೊಳ್ಳಿರಿ. ಆಮೆನ್.