ನೋವುಂಡವರ ನಗೆ

ಜ್ವರ ಬಂದರೆ ಇಳಿಯುತ್ತದೆ, ಗಾಯವಾದರೆ ಮಾಯುತ್ತದೆ. ಆದರೆ ಒಮ್ಮೆ ಬಂದು ನೆಲೆಯೂರಿ, ಹೊರಡುವ ಮಾತನ್ನೇ ಆಡದ ನೋವಿನೊಡನೆ ಬಾಳುವವರು ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಇದ್ದೇ ಇರುತ್ತಾರೆ. ನಿಮ್ಮಲ್ಲಿ ಕೆಲವರು ಸ್ವತಃ ಅಂಥವರೇ ಆಗಿರಬಹುದು. ಅಂಥವರು ನಕ್ಕರೆ ನೋಡಿದವರಿಗೆ ಸಂಶಯವುಂಟಾಗುತ್ತದೆ: ನಿಜವಾಗಿ ನೋವಿದ್ದರೆ ನಗೆ ಬರುವುದುಂಟೇ? ಬೆಕ್ಕನ್ನೋ ನಾಯಿಯನ್ನೋ ಮುದ್ದಿಸುತ್ತ ಕುಳಿತರೆ ಮತ್ತೊಂದು ಆಕ್ಷೇಪಣೆ: ತಮ್ಮ ಕೆಲಸವನ್ನೇ ಮಾಡಿಕೊಳ್ಳಲಾಗದವರಿಗೆ ಈ ಉಪದ್ವ್ಯಾಪವೇಕೆ? ಕೇಳುವವರು ಹಗುರವಾಗಿ ಕೇಳಿಬಿಡುತ್ತಾರೆ. ಕೇಳಿಸಿಕೊಂಡವರಿಗೆ ಅದು ಹಗುರವಲ್ಲ.

ನಾನೂ ಹಾಗೆ ಕೇಳಿದವನೇ. ನಮ್ಮ ಅತ್ತಿಗೆಯವರಿಗೆ 18 ವರ್ಷಗಳಿಂದ ಸಂಧಿವಾತ. ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ತಿರುಗಿಬಿದ್ದು ಕೀಲುಗಳನ್ನು ಬಾಧಿಸುವ ಬಗೆಯದು. ಬೆಳಗಿನ ಹೊತ್ತು ಬೆರಳುಗಳು ಮಡಿಸಲು ಬಾರವು. ಬಿಸಿನೀರಿನಲ್ಲಿ ಕೈಯಿಟ್ಟು ಗಂಟೆ ಕಳೆದ ಮೇಲೆಯೇ ಲೋಟ ಹಿಡಿಯುವಷ್ಟು ಸಡಿಲವಾಗುತ್ತವೆ. ಈ ನೋವಿಗೆ ಅವರಿಟ್ಟ ಹೆಸರು ‘ಬೀಗರು’. “ಬೀಗರು ಎದ್ದಿದ್ದಾರೆ, ಮರ್ಯಾದೆ ಕಮ್ಮಿಯಾದರೆ ಜಗಳ ತೆಗೆದಾರು” ಎಂದು ಹೇಳಿ ಬಿಸಿನೀರು ತರಿಸಿಕೊಳ್ಳುತ್ತಾರೆ. ಒಮ್ಮೆ ನಾನು, “ಅತ್ತಿಗೆ, ಇವತ್ತು ನಗುತ್ತಿದ್ದೀರಿ, ಹಾಗಾದರೆ ನೋವು ಕಡಿಮೆಯೆಂದಾಯಿತು” ಎಂದೆ. ಅವರ ನಗೆ ಅಲ್ಲಿಗೇ ನಿಂತಿತು. ಅಂದು ಮಧ್ಯಾಹ್ನದವರೆಗೂ ಅವರು ಮಾತನಾಡಲಿಲ್ಲ. ನನ್ನ ತಪ್ಪೇನೆಂಬುದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ಈ ವಿಷಯದಲ್ಲಿ ನನಗೆ ಬೆಳಕು ತೋರಿದ್ದು ಫ್ಲಾರೆನ್ಸ್ ನೈಟಿಂಗೇಲ್ ಅವರ ಜೀವನ. ಕ್ರಿಮಿಯಾ ಯುದ್ಧದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿದ ಆ ಮಹಿಳೆಯನ್ನು ನಾವು ದೀಪ ಹಿಡಿದು ನಡೆಯುವ ಚಿತ್ರದಲ್ಲಿಯೇ ಬಲ್ಲೆವು. ಆದರೆ 1855ರಲ್ಲಿ ಅಲ್ಲಿಯೇ ತಗಲಿದ ಜ್ವರದಿಂದ ಅವರ ಆರೋಗ್ಯ ಕೆಟ್ಟಿತು. 1857ರಿಂದ ಅನೇಕ ವರ್ಷ ಅವರು ಬಹುಮಟ್ಟಿಗೆ ಹಾಸಿಗೆ, ಕೋಣೆಗಳಿಗೇ ಸೀಮಿತರಾದರು. ಬೆನ್ನಿನ ತೀವ್ರ ವೇದನೆಯೂ ಇತ್ತು. ಭಾರತದಲ್ಲಿದ್ದ ಸೈನ್ಯದ ಆರೋಗ್ಯಸ್ಥಿತಿಯನ್ನು ಕುರಿತು 1863ರಲ್ಲಿ ಪ್ರಕಟವಾದ ವರದಿಗಾಗಿ ಅವರು ದುಡಿದದ್ದು ಇಂಥ ಸ್ಥಿತಿಯಲ್ಲಿಯೇ. ಅವರ ಸುತ್ತ ಬೆಕ್ಕುಗಳಿದ್ದವು. ಒಂದಕ್ಕೆ ಜರ್ಮನಿಯ ಮುತ್ಸದ್ದಿ ಬಿಸ್ಮಾರ್ಕನ ಹೆಸರು! ಹಾಸಿಗೆ ಹಿಡಿದವರ ಕೋಣೆಯಲ್ಲಿ ಬಿಸ್ಮಾರ್ಕನು ಹಾಲಿಗಾಗಿ ಕೂಗುತ್ತಿದ್ದನೆಂದು ನೆನೆದರೆ ಈಗಲೂ ನಗೆ ಬರುತ್ತದೆ.

ಶುಶ್ರೂಷೆಯನ್ನು ಕುರಿತ ಅವರ ಪ್ರಸಿದ್ಧ ಪುಸ್ತಕದಲ್ಲಿ, ದೀರ್ಘಕಾಲದ ರೋಗಿಗಳಿಗೆ ಸಣ್ಣ ಸಾಕುಪ್ರಾಣಿಯೊಂದು ಒಳ್ಳೆಯ ಸಂಗಾತಿಯೆಂಬ ಮಾತು ಬರುತ್ತದೆ. ಅದಕ್ಕಿಂತ ಮುಖ್ಯವಾದುದು ಅದರೊಡನೆ ಸೇರಿಸಿದ ಸೂಚನೆ: ಸಾಧ್ಯವಾದಲ್ಲಿ ಆ ಪ್ರಾಣಿಗೆ ಆಹಾರ ಹಾಕುವ, ಅದನ್ನು ಚೊಕ್ಕಟವಾಗಿಡುವ ಕೆಲಸವನ್ನು ರೋಗಿಯೇ ಮಾಡಲಿ ಎಂಬುದು. ದಾದಿಯ ಶುಶ್ರೂಷೆಯನ್ನೂ ನಾಯಿಯ ಶುಶ್ರೂಷೆಯನ್ನೂ ಕಂಡ ರೋಗಿಯೊಬ್ಬನು ನಾಯಿಯೇ ಮೇಲೆಂದನಂತೆ. ಅದು ಮಾತನಾಡುವುದಿಲ್ಲವೆಂಬುದೇ ಅವನು ಕೊಟ್ಟ ದೊಡ್ಡ ಕಾರಣ. ಈ ಪ್ರಸಂಗವನ್ನೂ ಅವರೇ ಹೇಳಿದ್ದಾರೆ. ಹಾಸಿಗೆಯ ಬಳಿ ಬಂದು ಪೊಳ್ಳು ಭರವಸೆ, ಬೇಡದ ಸಲಹೆಗಳನ್ನು ಸುರಿಯುವವರ ವಿಷಯದಲ್ಲಿ ಅವರಿಗೆ ಎಷ್ಟು ಬೇಸರವಿತ್ತೆಂದರೆ, ಅದಕ್ಕಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟರು.

ರೋಗಿಯ ದಿನವೆಲ್ಲವೂ ಸ್ವೀಕರಿಸುವುದರಲ್ಲಿಯೇ ಕಳೆಯುತ್ತದೆ ಎಂಬುದನ್ನು ಗಮನಿಸಿ. ನೀರು, ಅನ್ನ, ಔಷಧ, ಕನಿಕರ ಎಲ್ಲವನ್ನೂ ಪರರ ಕೈಯಿಂದಲೇ ಪಡೆಯಬೇಕು. ಬೆಕ್ಕಿನ ಎದುರಿನಲ್ಲಿ ಮಾತ್ರ ಆತ ಕೊಡುವವನು. ನಮ್ಮ ಅತ್ತಿಗೆಯವರ ಬೆಕ್ಕಿನ ಹೆಸರು ‘ಅಮಲ್ದಾರ’. ಬೆಳಗಾದೊಡನೆ ಮನೆಯ ಮೂಲೆಮೂಲೆಯನ್ನೂ ತನಿಖೆ ಮಾಡಿ ಬಂದು ಎದುರಿಗೆ ಕೂರುತ್ತದೆಯಾದ್ದರಿಂದ ಆ ಹೆಸರು. ಬಗ್ಗದ ಬೆರಳುಗಳಿಂದಲೇ ಬಟ್ಟಲಿಗೆ ಹಾಲು ಹಾಕುತ್ತಾರೆ. ಅರ್ಧ ನೆಲಕ್ಕೆ ಚೆಲ್ಲುತ್ತದೆ. ನಾವು ಹಾಕುತ್ತೇವೆಂದರೆ ಒಪ್ಪುವುದಿಲ್ಲ. (ಔಷಧದಿಂದ ರೋಗನಿರೋಧಕ ಶಕ್ತಿ ಕುಗ್ಗುವುದರಿಂದ, ಉಗುರು ತಾಗದಂತೆ ನೋಡಿಕೊಳ್ಳಿ, ಕೈ ತೊಳೆದುಕೊಳ್ಳಿ ಎಂದು ವೈದ್ಯರು ಹೇಳಿದ್ದಾರೆ. ಅದನ್ನು ತಪ್ಪದೆ ಪಾಲಿಸುತ್ತಾರೆ.)

ನಗೆಯ ಗುಣವೂ ಇದೇ ಎಂದು ನನ್ನ ತಿಳಿವಳಿಕೆ. ಅಮೆರಿಕದ ಪತ್ರಿಕಾ ಸಂಪಾದಕ ನಾರ್ಮನ್ ಕಸಿನ್ಸ್ 1964ರಲ್ಲಿ ಕೀಲುಗಳನ್ನು ಬಿಗಿಯುವ ಘೋರ ವ್ಯಾಧಿಯಿಂದ ಮಲಗಿದಾಗ ಹಾಸ್ಯಚಿತ್ರಗಳನ್ನು ತರಿಸಿ ನೋಡಿದರು. ಹತ್ತು ನಿಮಿಷ ಮನಸಾರೆ ನಕ್ಕರೆ ಎರಡು ಗಂಟೆಗಳ ನೋವಿಲ್ಲದ ನಿದ್ರೆ ದೊರೆಯಿತೆಂದು 1979ರ ತಮ್ಮ ಪುಸ್ತಕದಲ್ಲಿ ಬರೆದರು. ಒಬ್ಬರ ಅನುಭವ ಎಲ್ಲರಿಗೂ ಪ್ರಮಾಣವಾಗದು. ಆದರೂ ನೋವಿನ ಸಂದೇಶವು ಬೆನ್ನುಹುರಿಯಲ್ಲಿಯೇ ತಡೆಯಲ್ಪಡಬಹುದು, ಆ ಬಾಗಿಲನ್ನು ಮುಚ್ಚುವುದರಲ್ಲಿ ಮಿದುಳಿಗೂ ಪಾಲುಂಟು ಎಂದು ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿಯೇ ಪ್ರತಿಪಾದಿಸಿದ್ದರು. ನಕ್ಕವರು ನೋವನ್ನು ಹೆಚ್ಚು ತಾಳಬಲ್ಲರೆಂಬುದನ್ನು ರಾಬಿನ್ ಡನ್ಬಾರ್ ಮತ್ತು ಸಂಗಡಿಗರ ಪ್ರಯೋಗಗಳು 2011ರಲ್ಲಿ ತೋರಿಸಿದವು. ನಮ್ಮಲ್ಲಿಯೂ 1942ರಲ್ಲಿ ‘ಕೊರವಂಜಿ’ಯೆಂಬ ಹಾಸ್ಯಪತ್ರಿಕೆಯನ್ನು ಆರಂಭಿಸಿದ ‘ರಾಶಿ’ಯವರು ವೃತ್ತಿಯಿಂದ ವೈದ್ಯರು ಎಂಬುದು ಆಕಸ್ಮಿಕವಿರಲಾರದು. ಇಷ್ಟು ಹೇಳಿದ ಮಾತ್ರಕ್ಕೆ ಔಷಧವನ್ನು ಬಿಟ್ಟು ನಗುತ್ತ ಕೂರಿ ಎಂದು ಯಾರೂ ಭಾವಿಸಬಾರದು. ವಾರಕ್ಕೊಮ್ಮೆ ನುಂಗುವ ಮಾತ್ರೆಯನ್ನು ಅತ್ತಿಗೆಯವರು ಒಂದು ವಾರವೂ ತಪ್ಪಿಸಿದವರಲ್ಲ.

ನೋವನ್ನು ‘ಬೀಗರು’ ಎಂದು ಕರೆಯುವವರು ನೋವಿಲ್ಲವೆನ್ನುತ್ತಿಲ್ಲ. ಅದಕ್ಕೆ ಮನೆಯಲ್ಲಿ ಎಲ್ಲಿ ಮಣೆ ಹಾಕಬೇಕೆಂಬುದನ್ನು ತಾವೇ ನಿರ್ಧರಿಸುತ್ತಿದ್ದಾರೆ. ಆ ಅಧಿಕಾರ ನೋವುಂಡವರದು. ನಾನು ಮಾಡಿದ ತಪ್ಪು ಇದೇ: ಅವರ ನಗೆಯನ್ನು ಅವರ ವಿರುದ್ಧವೇ ಸಾಕ್ಷಿಯಾಗಿ ನುಡಿಸಿದೆ. ನೊಂದವರು ತಾವು ನೊಂದಿರುವೆವೆಂದು ಸಾಬೀತುಪಡಿಸಲು ಸದಾ ಮುಖ ಬಾಡಿಸಿಕೊಂಡೇ ಇರಬೇಕೆಂದರೆ, ಅದು ಕರುಣೆಯ ಹೆಸರಿನ ಕ್ರೌರ್ಯವಲ್ಲವೇ? ಕರ್ಮದ ಮಾತೂ ಹಾಗೆಯೇ. ತನ್ನ ನೋವನ್ನು ಪ್ರಾರಬ್ಧವೆಂದು ಒಬ್ಬರು ತಾವಾಗಿ ನೆನೆದು ಸಮಾಧಾನ ತಂದುಕೊಂಡರೆ ಅದು ಅವರಿಗೆ ಬಿಟ್ಟದ್ದು. ಪರರ ನೋವಿಗೆ ಆ ತೀರ್ಪನ್ನು ಓದುವ ಹಕ್ಕು ಯಾರಿಗೂ ಇಲ್ಲ. ನೆಂಟರೊಬ್ಬರು ಬಂದು, “ಎಲ್ಲ ಹಿಂದಿನ ಜನ್ಮದ ಫಲ” ಎಂದಾಗ ಅತ್ತಿಗೆಯವರು, “ಅಷ್ಟು ಖಚಿತವಾಗಿ ಹೇಳುತ್ತೀರಲ್ಲ, ಆಗಲೂ ನೀವು ನಮ್ಮ ಪಕ್ಕದ ಮನೆಯಲ್ಲೇ ಇದ್ದಿರೇನು?” ಎಂದರು. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಅವರು ಎದ್ದರು.

ಇನ್ನು ಪ್ರಾಣಿಯ ಕಡೆಯಿಂದಲೂ ನೋಡಬೇಕು. ವರ್ಷಗಟ್ಟಲೆ ಕೋಣೆಯಲ್ಲಿ ಸೆರೆಯಾದ ರೋಗಿಗೆ ಪಂಜರದ ಹಕ್ಕಿಯೊಂದೇ ಸಂತೋಷವಾಗಬಹುದೆಂದು ನೈಟಿಂಗೇಲ್ ಅವರು ಬರೆದಿದ್ದಾರೆ. ಇಲ್ಲಿ ಮಾತ್ರ ಆ ಪೂಜ್ಯ ಮಹಿಳೆಯನ್ನು ನಾನು ಅನುಸರಿಸಲಾರೆ. ನನ್ನ ಸೆರೆಯನ್ನು ಮರೆಯಲು ಮತ್ತೊಂದು ಜೀವವನ್ನು ಸೆರೆಯಲ್ಲಿಡುವುದು ಯಾವ ನ್ಯಾಯ? ನಮ್ಮ ದೇಶದ ಗಿಳಿಗಳನ್ನು ಹಿಡಿದು ಪಂಜರದಲ್ಲಿಡುವುದು 1972ರ ವನ್ಯಜೀವಿ ರಕ್ಷಣಾ ಶಾಸನದ ಪ್ರಕಾರ ಅಪರಾಧ. ಶಾಸನವಿಲ್ಲದಿದ್ದರೂ ಅದು ಸಲ್ಲದು. ಮಕ್ಕಳು ದೂರದ ಊರಿನಲ್ಲಿದ್ದುಕೊಂಡು, ತಂದೆತಾಯಿಗಳ ಬೇಸರ ಕಳೆಯಲೆಂದು ನಾಯಿಮರಿಯೊಂದನ್ನು ತಂದುಬಿಟ್ಟು ಹೋಗುವುದನ್ನೂ ಕಂಡಿದ್ದೇನೆ. ಮಂಡಿ ಮಡಿಸಲಾರದ ಮುದುಕರು ಅದನ್ನು ಬೀದಿಗೆ ಕರೆದೊಯ್ಯುವುದೆಂತು? ಅವರ ಕಾಲಾನಂತರ ಅದು ಯಾರ ಬಾಗಿಲು ಕಾಯಬೇಕು? ಪ್ರಾಣಿಯು ಮಾತ್ರೆಯಲ್ಲ, ಅದಕ್ಕೂ ಹಸಿವುಂಟು, ಮುಪ್ಪುಂಟು, ನೋವುಂಟು.

ಅಮಲ್ದಾರನಿಗೂ ಈಗ ವಯಸ್ಸಾಗಿದೆ. ಹಿಂಗಾಲು ಎಳೆಯುತ್ತ ನಡೆಯುತ್ತಾನೆ, ಕಿಟಕಿಗೆ ಹಾರಲಾರ. ಕಳೆದ ತಿಂಗಳು ಅತ್ತಿಗೆಯವರು ನನ್ನನ್ನು ಕರೆದು, “ನಾನು ಮೊದಲು ಹೋದರೆ ಇವನ ಹಾಲು ನಿನ್ನ ಜವಾಬ್ದಾರಿ” ಎಂದರು. ಒಪ್ಪಿದೆ. “ಬಟ್ಟಲು ತುಂಬ ಹಾಕಬೇಡ, ಅರ್ಧ ನೆಲಕ್ಕೆ ಚೆಲ್ಲಿ ಅವನಿಗೆ ಅಭ್ಯಾಸವಾಗಿದೆ” ಎಂದು ನಕ್ಕರು. ಈ ಸಲ ನಾನೂ ಜೊತೆಗೆ ನಕ್ಕೆ. ನೋವು ಹೇಗಿದೆಯೆಂದು ಕೇಳಲಿಲ್ಲ.