ಎಳೆತ ಇದ್ದರೇನೇ ಸ್ವರ

ಮಾರ್ಕ 6:3 ತೆಗೆಯಿರಿ. ಊರಿನ ಜನ ಯೇಸುವನ್ನು ಬಡಗಿ ಅಂತಲೇ ಗುರುತಿಸ್ತಾರೆ. ನಜರೇತಿನ ಬಡಗಿ! ಅಮೆರಿಕದ ಪೆನ್ಸಿಲ್ವೇನಿಯಾದಲ್ಲೂ ಒಂದು ನಜರೇತ್ ಇದೆ ಪ್ರಿಯರೇ. 1833ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಮಾರ್ಟಿನ್ ಗಿಟಾರ್ ಕಂಪನಿಯ ನೆಲೆ ಇವತ್ತು ಅಲ್ಲೇ. ನಮ್ಮ ಆರಾಧನಾ ತಂಡದ ಹುಡುಗರಿಗೆ ಆ ಹೆಸರು ಕೇಳಿದ್ರೇನೇ ಬಾಯಲ್ಲಿ ನೀರು. (ಸಭೆಯಲ್ಲಿ ನಗು)

ಅಕೌಸ್ಟಿಕ್ ಗಿಟಾರಿನ ಮುಂದಿನ ಹಲಗೆ ಎಷ್ಟು ದಪ್ಪ ಗೊತ್ತಾ? ಸುಮಾರು 3 ಮಿಲಿಮೀಟರ್. ಅದರ ಮೇಲೆ ಆರು ಸ್ಟೀಲ್ ತಂತಿಗಳ ಎಳೆತ ಒಟ್ಟು 70 ಕೆ.ಜಿ. ಹತ್ತಿರ. ಒಬ್ಬ ಆಳು ಹಗಲೂ ರಾತ್ರಿ ಜೋತುಬಿದ್ದ ಹಾಗೆ! ಆದ್ರೂ ಮುರಿಯಲ್ಲ, ಯಾಕೆ? ಒಳಗಡೆ, ಕಣ್ಣಿಗೆ ಕಾಣದ ಜಾಗದಲ್ಲಿ, ಇಂಟು ಗುರುತಿನ ಆಕಾರದಲ್ಲಿ ಮರದ ಪಟ್ಟಿ ಅಂಟಿಸಿರ್ತಾರೆ. ಪಟ್ಟಿ ತೀರಾ ತೆಳ್ಳಗಾದ್ರೆ ಹಲಗೆ ಉಬ್ಬಿಕೊಳ್ಳುತ್ತೆ. ತೀರಾ ದಪ್ಪ ಆದ್ರೆ? ಗಟ್ಟಿ ಇರುತ್ತೆ, ಆದ್ರೆ ಅದುರಲ್ಲ, ಸ್ವರ ಸತ್ತಂಗಿರುತ್ತೆ. ಅದಕ್ಕೇ ಕಟ್ಟುವವನು ಉಳಿಯಲ್ಲಿ ಸ್ವಲ್ಪ ಕೆತ್ತಿ, ಬೆರಳಲ್ಲಿ ತಟ್ಟಿ ಕೇಳ್ತಾನೆ. ಮತ್ತೆ ಕೆತ್ತುತ್ತಾನೆ.

ಯೌವನಸ್ಥರೇ, ನೀವು ಬಂದು, "ಬ್ರದರ್, ನಮ್ಮಿಬ್ರಿಗೆ ಸೆಟ್ ಆಗ್ತಿಲ್ಲ, ಬರೀ ಟೆನ್ಷನ್" ಅಂತೀರಿ. ಟೆನ್ಷನ್ ಇಲ್ಲದ ತಂತಿ ಬರೀ ಕಂಬಿ. ಅವಳ ಮನೆಯ ರೀತಿ ಬೇರೆ, ನಿನ್ನ ಮನೆಯ ರೀತಿ ಬೇರೆ, ಎಳೆತ ಇದ್ದೇ ಇರುತ್ತೆ. ಒಳಗೆ ಪಟ್ಟಿ ಇದೆಯಾ ಅನ್ನೋದು ನನ್ನ ಪ್ರಶ್ನೆ. ಎಫೆಸ 4:2ರಲ್ಲಿ ಪೌಲನು ವಿನಯ, ಸಾತ್ವಿಕತೆ, ದೀರ್ಘಶಾಂತಿ ಅಂತಾನೆ. ಇವು ಯಾವುವೂ ಫೋಟೋದಲ್ಲಿ ಕಾಣಲ್ಲ.

ಒಂದು ಮಾತು ಸ್ಪಷ್ಟವಾಗಿ ಹೇಳ್ತೀನಿ. ಹೊಡೆತ, ಬೆದರಿಕೆ ಇವು ಎಳೆತ ಅಲ್ಲ. ಅಂಥ ಕಡೆ "ಸಹಿಸಿಕೊಳ್ಳಮ್ಮ" ಅಂತ ಈ ವೇದಿಕೆಯಿಂದ ನಾನು ಹೇಳಲ್ಲ. ಮೊದಲು ಹೊರಗೆ ಬನ್ನಿ, ಸಭೆ ನಿಮ್ಮ ಜೊತೆ ನಿಲ್ಲುತ್ತೆ. ಆಮೆನ್?

ಇನ್ನು ಮರದ ವಿಷಯ. ನಮ್ಮ ಪಶ್ಚಿಮ ಘಟ್ಟದ ಬೀಟೆ ಮರ ಗಿಟಾರಿನ ಬೆನ್ನಿಗೆ ಹೆಸರುವಾಸಿ. ಹಸಿ ಮರದಲ್ಲಿ ಬಲ್ಲವರು ಯಾರೂ ಕಟ್ಟಲ್ಲ, ಆಮೇಲೆ ಒಣಗಿ ಕುಗ್ಗಿ ಸೀಳುತ್ತೆ. ಇನ್‌ಸ್ಟಾಗ್ರಾಮಿನ ಮೂರು ವಾರದ ಪರಿಚಯಕ್ಕೇ ಉಂಗುರ ಹಾಕೋಕೆ ಹೊರಟವರು ಇಲ್ಲೇ ಕೂತಿದ್ದಾರೆ, ಹೆಸರು ಹೇಳಲ್ಲ! (ನಗು) ಒಣಗೋಕೆ ಬಿಡ್ರಪ್ಪ. ಕೋಪ ಬಂದಾಗ ಅವನು ಹೇಗಿರ್ತಾನೆ, ಕೈಯಲ್ಲಿ ದುಡ್ಡಿಲ್ಲದಾಗ ಅವಳು ಹೇಗಿರ್ತಾಳೆ, ನೋಡಿ.

ಹೊಸದಾಗಿ ಮದುವೆಯಾದವರು ಕೇಳಿ. ಹೊಸ ತಂತಿ ಹಾಕಿದ ದಿನ ಶ್ರುತಿ ಇಳೀತಾನೇ ಇರುತ್ತೆ, ಯಾಕಂದ್ರೆ ತಂತಿ ಇನ್ನೂ ಹಿಗ್ತಾ ಇದೆ. ಕೆಟ್ಟ ತಂತಿ ಅಂತ ಯಾರಾದ್ರೂ ಬಿಸಾಡ್ತಾರಾ? ಬೆಳಿಗ್ಗೆ ಮಾಡಿದ ಶ್ರುತಿಯನ್ನೇ ಮಧ್ಯಾಹ್ನ ಮತ್ತೆ ಮಾಡ್ತಾರೆ. ಈ ವಾರ ಮಾತು ಬಿಟ್ಟಿರುವ ಗಂಡ ಹೆಂಡತಿ ಇದ್ದರೆ ಜೊತೆಯಾಗಿ ಮುಂದೆ ಬನ್ನಿ, ಪ್ರಾರ್ಥಿಸೋಣ.